ಕಬ್ಬಿಣ ಕೊಯ್ಯುವ ಪಟ್ಟಿಗರಗಸ: ಸಾಮಾನ್ಯ ತೊಂದರೆಗಳೂ ಪರಿಹಾರಗಳೂ

ಕಟ್ಟಿಗೆಯ ಕೂರಿಗೆ, ಕುಂಟೆಗಳ ಜಾಗಕ್ಕೆ ಕಬ್ಬಿಣದವು ಬಂದ ಮೇಲೆ ಕಮ್ಮಾರನ ಕುಲುಮೆಯ ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿಯೂ ಬಂದಿತು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಸೀಮೆಯಾಗಲಿ, ಹೊಸೂರು, ತಾಳವಾಡಿಯ ಕಡೆಯಾಗಲಿ, ಆದೋನಿ, ರಾಯದುರ್ಗದ ಬಯಲಾಗಲಿ, ಟ್ರೇಲರಿನ ಅಚ್ಚು ಮುರಿದರೂ ಕೂರಿಗೆಯ ಕೊಳವೆ ಸೀಳಿದರೂ ರೈತನು ಮೊದಲು ಓಡುವುದು ಇಂಥ ಅಂಗಡಿಗೆ. ಹಿಂಗಾರಿ ಜೋಳದ ಬಿತ್ತನೆಗೆ ಭೂಮಿ ಹದಕ್ಕೆ ಬಂದಾಗ ಕೂರಿಗೆ ಎರಡು ದಿನ ಅಂಗಡಿಯಲ್ಲಿ ಬಿದ್ದರೆ ಆ ಹದವು ಕಾಯುವುದಿಲ್ಲ. ಆದಕಾರಣ ಅಂಗಡಿಯ ಯಂತ್ರ ಸರಿಯಾಗಿ ನಡೆಯುವುದು ಅಂಗಡಿಕಾರನಿಗೆ ಎಷ್ಟು ಅಗತ್ಯವೋ ರೈತನಿಗೂ ಅಷ್ಟೇ ಅಗತ್ಯ.

ಇಂಥ ಅಂಗಡಿಗಳಲ್ಲಿ ಈಚೆಗೆ ಕಾಣಿಸಿಕೊಳ್ಳುತ್ತಿರುವ ಯಂತ್ರವೊಂದು ಪಟ್ಟಿಗರಗಸ. ಬ್ಯಾಂಡ್‌ಸಾ ಎಂದು ಕರೆಯುವುದು ಇದನ್ನೇ. ಕೈಗರಗಸದಿಂದ ಅರ್ಧ ಗಂಟೆ ಬೆವರು ಸುರಿಸಿ ಕೊಯ್ಯುವ ಸರಳನ್ನು ಇದು ಕೆಲವು ನಿಮಿಷಗಳಲ್ಲಿ ಕೊಯ್ಯುತ್ತದೆ. ಆದರೆ ಇದರ ಜೊತೆಗೆ ಬರುವ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಓದಿದ ನಮ್ಮ ಹುಡುಗರು ಅದನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು, ಕಂಡು ಕೇಳಿ ಕೆಲಸ ಕಲಿಯುತ್ತಾರೆ. ಬ್ಲೇಡು ತುಂಡಾದರೆ ಇನ್ನೊಂದು ತರುತ್ತಾರೆ; ಅದೂ ತುಂಡಾದರೆ ಯಂತ್ರವೇ ಕೆಟ್ಟದ್ದೆನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬಂತಾಗಬಾರದು. ತೊಂದರೆಯ ಕಾರಣ ಎಲ್ಲಿದೆಯೆಂಬುದನ್ನು ಕೊಯ್ದ ಮುಖ, ಉದುರಿದ ತುರಿ, ಮುರಿದ ಬ್ಲೇಡು ಈ ಮೂರೂ ಹೇಳುತ್ತವೆ. ಹೊಸ ಬ್ಲೇಡು ಏರಿಸುವ ಮೊದಲು ಇವನ್ನು ನೋಡುವ ಅಭ್ಯಾಸವಾಗಬೇಕು. ಈ ಪಾಠದ ಸಾರಾಂಶವೇ ಅದು.

ಯಂತ್ರದ ಪರಿಚಯ

ಎರಡು ಚಕ್ರಗಳ ಮೇಲೆ, ಗಿರಣಿಯ ಬೆಲ್ಟಿನಂತೆ, ಹಲ್ಲುಳ್ಳ ಉಕ್ಕಿನ ಪಟ್ಟಿಯೊಂದು ಸುತ್ತುತ್ತಿರುತ್ತದೆ. ಇದೇ ಬ್ಲೇಡು. ಒಂದು ಚಕ್ರವನ್ನು ಮೋಟಾರು ತಿರುಗಿಸುತ್ತದೆ. ಇನ್ನೊಂದು ಚಕ್ರವನ್ನು ತಿರುಪಿನಿಂದ ಹಿಂದಕ್ಕೆ ಸರಿಸಿ ಬ್ಲೇಡನ್ನು ಬಿಗಿ ಮಾಡಬಹುದು. ಕೊಯ್ಯುವ ಸ್ಥಳದ ಎರಡೂ ಬದಿಗೆ ಬ್ಲೇಡನ್ನು ನೆಟ್ಟಗೆ ಹಿಡಿಯುವ ಬೇರಿಂಗುಗಳಿವೆ. ಇವಕ್ಕೆ ಗೈಡು ಎನ್ನುವರು. ಕೊಯ್ಯಬೇಕಾದ ಸರಳು ಕೆಳಗಿನ ವೈಸಿನಲ್ಲಿ ಕುಳಿತಿರುತ್ತದೆ. ಗರಗಸದ ತೋಳು ತನ್ನ ಭಾರದಿಂದ ಕೆಳಗಿಳಿಯುತ್ತದೆ; ಆ ಭಾರವನ್ನು ಸ್ಪ್ರಿಂಗಿನಿಂದಲೋ ಎಣ್ಣೆಯ ಸಿಲಿಂಡರಿನಿಂದಲೋ ಹೆಚ್ಚು ಕಡಿಮೆ ಮಾಡಬಹುದು.

ಉದ್ದನೆಯ ಪಟ್ಟಿಯ ಎರಡು ತುದಿಗಳನ್ನು ಬೆಸೆದು ಬ್ಲೇಡಿನ ಬಳೆ ಮಾಡುತ್ತಾರೆ. ಈ ಬೆಸುಗೆಯೇ ಮೊದಲು ದೊಡ್ಡ ತೊಡಕಾಗಿತ್ತು. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬವನು 1809ರ ಸುಮಾರಿಗೇ ಇಂಥ ಗರಗಸಕ್ಕೆ ಪೇಟೆಂಟು ಪಡೆದನು. ಆದರೆ ಬಾಗಿ ಬಾಗಿ ಓಡುವ ಪಟ್ಟಿಯ ಬೆಸುಗೆ ನಿಲ್ಲುತ್ತಿರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬ ಮಹಿಳೆ ಗಟ್ಟಿಯಾದ ಬೆಸುಗೆಯ ಉಪಾಯ ಕಂಡುಹಿಡಿದ ಮೇಲೆ ಈ ಗರಗಸ ಬಳಕೆಗೆ ಬಂದಿತು. ಆಗ ಅದು ಕಟ್ಟಿಗೆಗೆ. ಲೋಹಕ್ಕೆ ಬಂದದ್ದು ತರುವಾಯ. ಇಂದಿಗೂ ಬ್ಲೇಡು ತಂದಾಗ ಮೊದಲು ಬೆಸುಗೆಯ ಮೇಲೆ ಬೆರಳಾಡಿಸಿ ನೋಡತಕ್ಕದ್ದು. ಅಲ್ಲಿ ಉಬ್ಬಾಗಲಿ, ಬೆನ್ನಿನ ಅಂಚಿನಲ್ಲಿ ಹೆಚ್ಚುಕಡಿಮೆಯಾಗಲಿ ಇರಕೂಡದು.

ಪೇಟೆಯಲ್ಲಿ ಎರಡು ಬಗೆಯ ಬ್ಲೇಡು ಸಿಗುತ್ತವೆ. ಅಗ್ಗದ್ದು ಪೂರ್ತಿ ಕಾರ್ಬನ್ ಉಕ್ಕಿನದು. ಬೈಮೆಟಲ್ ಎಂಬ ಎರಡನೆಯದರಲ್ಲಿ ಬೆನ್ನು ಸ್ಪ್ರಿಂಗ್ ಉಕ್ಕಿನದು, ಹಲ್ಲಿನ ಅಂಚು ಬಿಸಿಗೆ ಮೆತ್ತಗಾಗದ ಹೈಸ್ಪೀಡ್ ಉಕ್ಕಿನದು. ಬೆಲೆ ಹೆಚ್ಚಾದರೂ ದಿನವೂ ಕಬ್ಬಿಣ ಕೊಯ್ಯುವವರಿಗೆ ಎರಡನೆಯದೇ ಲಾಭಕರ.

ಹಲ್ಲುಗಳ ಲೆಕ್ಕ

ಅರ್ಧ ತೊಂದರೆಗಳ ಬೇರು ಇಲ್ಲಿದೆ. ಬ್ಲೇಡುಗಳನ್ನು ಇಂಚಿಗೆ ಎಷ್ಟು ಹಲ್ಲು ಎಂಬ ಲೆಕ್ಕದಿಂದ ಮಾರುತ್ತಾರೆ. 10/14 ಎಂದು ಬರೆದಿದ್ದರೆ ಹಲ್ಲುಗಳ ಅಂತರ ಒಂದೇ ಸಮನಾಗಿರದೆ ಇಂಚಿಗೆ 10ರಿಂದ 14ರವರೆಗೆ ಬದಲಾಗುತ್ತದೆಂದು ಅರ್ಥ. ಇದರಿಂದ ನಡುಕ ಕಡಿಮೆಯಾಗುತ್ತದೆ.

ನೆನಪಿಡಬೇಕಾದ ನಿಯಮ ಇಷ್ಟೇ: ಕೊಯ್ಯುವಾಗ ಲೋಹದೊಳಗೆ ಯಾವಾಗಲೂ ಕನಿಷ್ಠ 3 ಹಲ್ಲುಗಳಿರಬೇಕು, 6ರಿಂದ 12 ಇದ್ದರೆ ಉತ್ತಮ, 24ಕ್ಕಿಂತ ಹೆಚ್ಚು ಬೇಡ. 2 ಇಂಚಿನ ಗಟ್ಟಿ ಸರಳಿಗೆ ಇಂಚಿಗೆ 6 ಹಲ್ಲಿನ ಬ್ಲೇಡು ಹಾಕಿದರೆ ಒಳಗೆ 12 ಹಲ್ಲುಗಳಾದುವು, ಸರಿಯಾಯಿತು. 4 ಇಂಚಿನ ಗಟ್ಟಿ ಸರಳಿಗೆ 14 ಹಲ್ಲಿನ ಬ್ಲೇಡು ಹಾಕಿದರೆ ಒಳಗೆ 56 ಹಲ್ಲು! ಹಲ್ಲುಗಳ ನಡುವಣ ಸಂದು ತುರಿಯಿಂದ ತುಂಬಿ, ಬ್ಲೇಡು ಕೊಯ್ಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಇದಕ್ಕೆ ವಿರುದ್ಧವಾಗಿ, 3 ಮಿಲಿಮೀಟರ್ ದಪ್ಪದ ತಗಡಿಗೆ 6 ಹಲ್ಲಿನ ಬ್ಲೇಡು ಹಾಕಿದರೆ ಒಂದು ಹಲ್ಲೂ ಪೂರ್ತಿಯಾಗಿ ಕೂಡುವುದಿಲ್ಲ. ತಗಡಿನ ಅಂಚು ಎರಡು ಹಲ್ಲುಗಳ ಸಂದಿಗೆ ಸಿಕ್ಕಿ ಹಲ್ಲು ಕಿತ್ತುಬರುತ್ತದೆ. ಆ ದಪ್ಪಕ್ಕೆ ಇಂಚಿಗೆ 24, 6 ಮಿಲಿಮೀಟರಿಗೆ 14 ಹಲ್ಲು ಬೇಕು. ಕೊಳವೆಗೆ ಲೆಕ್ಕ ಹಿಡಿಯುವಾಗ ಕೊಳವೆಯ ವ್ಯಾಸವನ್ನಲ್ಲ, ಗೋಡೆಯ ದಪ್ಪವನ್ನು ನೋಡಬೇಕು.

ಕೊರೆತ ಓರೆಯಾಗುತ್ತಿದೆ

ಹೆಚ್ಚಾಗಿ ಕೇಳಿಬರುವ ದೂರು ಇದು. ಓರೆಯಾದ ಅಚ್ಚನ್ನು ಹಾಗೆಯೇ ಬೆಸೆದರೆ ಚಕ್ರ ಸೊಟ್ಟಗೆ ನಿಂತು ಟೈರು ಒಂದೇ ಬದಿಗೆ ಸವೆಯುತ್ತದೆ. ಕೊಯ್ದ ಮುಖಕ್ಕೆ ಮೂಲೆಮಟ್ಟ ಹಿಡಿದು ನೋಡಿ. ಮುಖವು ಸಮತಟ್ಟಾಗಿದ್ದು, ಪ್ರತಿ ಸಾರಿಯೂ ಅಷ್ಟೇ ಓರೆಯಾಗಿದ್ದರೆ ದೋಷ ಬ್ಲೇಡಿನದಲ್ಲ. ವೈಸು ಬ್ಲೇಡಿಗೆ ಲಂಬವಾಗಿಲ್ಲ, ಇಲ್ಲವೆ ಗೈಡುಗಳು ಬ್ಲೇಡನ್ನು ವಾಲಿಸಿ ಹಿಡಿದಿವೆ. ಅವನ್ನು ಮೂಲೆಮಟ್ಟಕ್ಕೆ ಕೂಡಿಸಿ ತಿರುಪು ಬಿಗಿ ಮಾಡಿದರೆ ಮುಗಿಯಿತು.

ಮುಖವು ಹೊಟ್ಟೆ ಬಂದಂತೆ ಬಾಗಿದ್ದರೆ ಕಾರಣ ಬೇರೆ. ಒಂದು, ಬ್ಲೇಡಿನ ಬಿಗಿ ಸಾಲದು. ಎರಡು, ತೋಳಿನ ಭಾರ ಹೆಚ್ಚಾಯಿತು. ಕುಂಟೆಯ ಮೇಲೆ ಕಲ್ಲು ಹೇರಿದರೆ ಅದು ಆಳಕ್ಕೆ ಇಳಿಯುವುದು ನಿಜ. ಆದರೆ ಮಿತಿ ಮೀರಿ ಹೇರಿದರೆ ಎತ್ತು ಅಡ್ಡಾದಿಡ್ಡಿ ಎಳೆಯುತ್ತದೆ. ಬ್ಲೇಡಿನ ಸ್ಥಿತಿಯೂ ಹಾಗೆಯೇ. ಮೂರು, ಗೈಡುಗಳು ಸರಳಿನಿಂದ ದೂರ ನಿಂತಿವೆ. ಸಣ್ಣ ಸರಳು ಕೊಯ್ಯುವಾಗ ಸರಿಸಬಲ್ಲ ಗೈಡನ್ನು ಸರಳಿಗೆ ತಾಗದಷ್ಟು ಹತ್ತಿರಕ್ಕೆ ತರಬೇಕು. ಇದು ಖರ್ಚಿಲ್ಲದ ಉಪಾಯ. ಆದರೂ ಬಹಳ ಜನ ಮಾಡುವುದಿಲ್ಲ. ನಾಲ್ಕು, ಗೈಡಿನ ಬೇರಿಂಗು ಸವೆದಿದೆ. ಬೇರಿಂಗುಗಳು ಬ್ಲೇಡಿಗೆ ತಾಗಿಯೂ ತಾಗದಂತೆ ಇರಬೇಕು. ಬೆನ್ನಿನ ಹಿಂದಿನ ಬೇರಿಂಗಿಗೆ ಕೂದಲೆಳೆಯಷ್ಟು ಸಂದು ಬಿಡಬೇಕು. ಐದು, ಬ್ಲೇಡಿನ ಒಂದು ಬದಿಯ ಹಲ್ಲುಗಳು ಮಾತ್ರ ಮೊಂಡಾಗಿವೆ. ಹಲ್ಲುಗಳು ಎಡಕ್ಕೂ ಬಲಕ್ಕೂ ಬಾಗಿರುತ್ತವಷ್ಟೆ. ಒಂದು ಬದಿ ಮೊಂಡಾದರೆ ಬ್ಲೇಡು ಹರಿತವಿರುವ ಬದಿಗೆ ಎಳೆಯುತ್ತದೆ. ಬ್ಲೇಡು ವೈಸಿಗೆ ತಾಗುತ್ತಿದೆಯೇ ನೋಡಿ. ಮೊದಲಿನ ನಾಲ್ಕನ್ನು ಸರಿಪಡಿಸಿದ ಮೇಲೂ ಓರೆ ಹೋಗದಿದ್ದರೆ ಬ್ಲೇಡು ಬದಲಿಸುವುದು ನ್ಯಾಯ.

ಹಲ್ಲು ಉದುರುತ್ತಿವೆ

ಹಲ್ಲಿನ ಲೆಕ್ಕ ತಪ್ಪಿದ್ದು ಮೊದಲ ಕಾರಣ. ಎರಡನೆಯದು, ಸರಳು ವೈಸಿನಲ್ಲಿ ಅಲುಗಾಡಿದ್ದು. ಗೇಣುದ್ದಕ್ಕಿಂತ ಚಿಕ್ಕ ತುಂಡನ್ನು ವೈಸಿನ ಒಂದೇ ತುದಿಯಲ್ಲಿ ಹಿಡಿದರೆ ವೈಸಿನ ದವಡೆ ವಾಲಿ ಹಿಡಿತ ತಪ್ಪುತ್ತದೆ. ಇನ್ನೊಂದು ತುದಿಯಲ್ಲಿ ಅಷ್ಟೇ ದಪ್ಪದ ತುಂಡನ್ನು ಇಟ್ಟು ಬಿಗಿ ಮಾಡಬೇಕು. ಉದ್ದವಾದ ಸರಳಿನ ಹೊರತುದಿಗೆ ಅದೇ ಎತ್ತರದ ಆಸರೆ ಬೇಕು; ಇಲ್ಲವಾದರೆ ಕೊರೆತದಲ್ಲಿ ಬ್ಲೇಡು ಸಿಕ್ಕಿಬೀಳುವುದು.

ಮೂರನೆಯದು, ತೋಳನ್ನು ಧಡಕ್ಕನೆ ಬಿಡುವುದು. ಬ್ಲೇಡು ಓಡತೊಡಗಿದ ಮೇಲೆ ತೋಳನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತಾಗಿಸಬೇಕು. ಮೂಲೆಕಬ್ಬಿಣ ಎಂಬ ಆ್ಯಂಗಲನ್ನು ಅದರ ಬೆನ್ನು ಮೇಲಾಗುವಂತೆ, ಮನೆಯ ಮಾಡಿನ ಹಾಗೆ ಕವುಚಿ ಹಿಡಿದರೆ ಎರಡೂ ಕಾಲುಗಳು ಒಂದೇ ಸಮನೆ ಕೊಯ್ಯಲ್ಪಡುತ್ತವೆ. ಒಂದು ಕಾಲನ್ನು ಮಲಗಿಸಿ ಇಟ್ಟರೆ ಒಮ್ಮೆ ಅಗಲ, ಒಮ್ಮೆ ತೆಳುವಾಗಿ ಹಲ್ಲಿಗೆ ಪೆಟ್ಟು ಬೀಳುತ್ತದೆ.

ಮುಖ್ಯವಾದ ಎಚ್ಚರಿಕೆಯೊಂದುಂಟು. ಹಳೆಯ ಬ್ಲೇಡು ಅರ್ಧದಲ್ಲಿ ಮುರಿದರೆ ಹೊಸ ಬ್ಲೇಡನ್ನು ಅದೇ ಕೊರೆತದೊಳಗೆ ಇಳಿಸಕೂಡದು. ಹಳೆಯ ಬ್ಲೇಡಿನ ಉದುರಿದ ಹಲ್ಲು ಅಲ್ಲಿ ಸಿಕ್ಕಿರಬಹುದು. ಸವೆದ ಬ್ಲೇಡಿನ ಕೊರೆತ ಇಕ್ಕಟ್ಟಾಗಿಯೂ ಇರುತ್ತದೆ. ಸರಳನ್ನು ತಿರುಗಿಸಿ ಇನ್ನೊಂದು ಬದಿಯಿಂದ ಆರಂಭಿಸಬೇಕು.

ಬ್ಲೇಡು ತುಂಡಾಗುತ್ತಿದೆ

ಮುರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಬಿರುಕು ಹಲ್ಲಿನ ಬುಡದಿಂದ ಹೊರಟಿದ್ದರೆ ಬಿಗಿ ಅತಿಯಾಗಿದೆ, ಇಲ್ಲವೆ ಗೈಡು ಬ್ಲೇಡನ್ನು ಹಿಂಡುತ್ತಿದೆ, ಇಲ್ಲವೆ ತೋಳಿನ ಭಾರ ಹೆಚ್ಚಾಗಿದೆ. ಬೆನ್ನಿನ ಕಡೆಯಿಂದ ಹೊರಟಿದ್ದರೆ ಹಿಂದಿನ ಬೇರಿಂಗು ತಿರುಗದೆ ಗಡುಸಾಗಿ ನಿಂತಿದೆ, ಇಲ್ಲವೆ ಬೆನ್ನು ಚಕ್ರದ ಅಂಚಿಗೆ ಉಜ್ಜುತ್ತಿದೆ. ಉಜ್ಜಿದ ಬೆನ್ನು ಹೊಳೆಯುತ್ತಿರುತ್ತದೆ. ಬೆಸುಗೆಯಲ್ಲಿಯೇ ಸರಿಯಾಗಿ ತುಂಡಾಗಿದ್ದರೆ ಬೆಸುಗೆಯನ್ನು ಹದ ಮಾಡಿದ್ದು ಸರಿಯಾಗಿಲ್ಲ. ಆ ಬ್ಲೇಡನ್ನು ಬೆಸೆದುಕೊಟ್ಟವರಿಗೆ ತೋರಿಸಬೇಕು. ಹೀಗೆ ಒಂದು ತುಂಡನ್ನು ನೋಡಿದರೆ ಮುಂದಿನ ಬ್ಲೇಡು ಉಳಿಯುತ್ತದೆ.

ಸಂಜೆ ಕೆಲಸ ಮುಗಿದ ಮೇಲೆ ಬಿಗಿಯ ತಿರುಪನ್ನು ಸ್ವಲ್ಪ ಸಡಿಲಿಸಿ ಇಡುವುದು ಒಳ್ಳೆಯದು. ಮರುದಿನ ಬಿಗಿ ಮಾಡಲು ಮರೆಯದಂತೆ ಸ್ವಿಚ್ಚಿಗೆ ಒಂದು ಚೀಟಿ ತೂಗುಹಾಕಿರಿ.

ಬ್ಲೇಡು ಚಕ್ರದಿಂದ ಜಾರುತ್ತಿದೆ

ಮೊದಲು ಕರೆಂಟಿನ ಪ್ಲಗ್ಗು ತೆಗೆಯಿರಿ. ಮುಚ್ಚಳ ತೆರೆದು ಚಕ್ರದ ಮೈ ನೋಡಿರಿ. ತುರಿಯೂ ಎಣ್ಣೆಯ ಜಿಡ್ಡೂ ಮೆತ್ತಿಕೊಂಡಿದ್ದರೆ ಒರೆಸಿ ತೆಗೆಯಿರಿ. ಬಿಗಿ ಸಾಕಷ್ಟಿದೆಯೇ ನೋಡಿರಿ. ಇವೆರಡೂ ಸರಿಯಿದ್ದರೆ ಚಕ್ರದ ವಾಲು ನೋಡಬೇಕು. ಬಂಡಿಯ ಎರಡು ಗಾಲಿಗಳು ಒಂದೇ ಜಾಡಿನಲ್ಲಿ ಹೋಗಬೇಕಾದಂತೆ ಗರಗಸದ ಎರಡು ಚಕ್ರಗಳೂ ಒಂದೇ ಸಮತಲದಲ್ಲಿರಬೇಕು. ಚಕ್ರವನ್ನು ಕೈಯಿಂದ ತಿರುಗಿಸಿದಾಗ ಬ್ಲೇಡಿನ ಬೆನ್ನು ಚಕ್ರದ ಅಂಚಿನ ಹತ್ತಿರ ಓಡಬೇಕು, ಆದರೆ ಅದಕ್ಕೆ ಉಜ್ಜಬಾರದು. ವಾಲಿನ ತಿರುಪನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಪ್ರತಿ ಸಲವೂ ಕೈಯಿಂದ ಚಕ್ರ ತಿರುಗಿಸಿ ನೋಡುತ್ತ ಹೋಗಬೇಕು. ಚಕ್ರ ತಿರುಗಿಸುವಾಗ ಹಲ್ಲಿಗೂ ಚಕ್ರಕ್ಕೂ ನಡುವೆ ಬೆರಳು ಹೋಗದಂತೆ ನೋಡಿಕೊಳ್ಳಿರಿ.

ಕೊಯ್ಯುತ್ತಿಲ್ಲ, ಬೇಗ ಮೊಂಡಾಗುತ್ತಿದೆ

ಬ್ಲೇಡು ಹೊಸದಾಗಿದ್ದೂ ಕೊಯ್ಯದಿದ್ದರೆ ಹಲ್ಲಿನ ದಿಕ್ಕು ನೋಡಿರಿ. ಕೊರೆತದ ಸ್ಥಳದಲ್ಲಿ ಹಲ್ಲಿನ ಮೊನೆ ಬ್ಲೇಡು ಓಡುವ ದಿಕ್ಕಿಗೇ ಮುಖಮಾಡಿರಬೇಕು. ತಿರುವುಮುರುವಾಗಿದ್ದರೆ ಬ್ಲೇಡಿನ ಬಳೆಯ ಒಳಮೈಯನ್ನು ಹೊರಮೈ ಮಾಡಿ ಮತ್ತೆ ಏರಿಸಬೇಕು. ಮೂರು ಫೇಸಿನ ಮೋಟಾರಾಗಿದ್ದರೆ ಇನ್ನೊಂದು ಸಂಶಯವುಂಟು. ಎರಡು ತಂತಿ ಅದಲುಬದಲಾದರೆ ಬಾವಿಯ ಪಂಪು ಹಿಮ್ಮೊಗವಾಗಿ ತಿರುಗಿ ನೀರು ಕಡಿಮೆಯಾಗುವುದನ್ನು ರೈತರು ಬಲ್ಲರು. ಗರಗಸದ ಮೋಟಾರಿಗೂ ಹಾಗೆಯೇ ಆಗಬಹುದು. ಲೈನಿನ ಕೆಲಸ ನಡೆದ ಮೇಲೆ ಬ್ಲೇಡು ಓಡುವ ದಿಕ್ಕನ್ನು ಒಮ್ಮೆ ನೋಡತಕ್ಕದ್ದು. ವೋಲ್ಟೇಜು ತೀರ ಇಳಿದಾಗ ಮೋಟಾರು ಬಳಲಿ ಬಿಸಿಯಾಗುತ್ತದೆ. ಆಗ ತೋಳಿನ ಭಾರ ಹೆಚ್ಚಿಸಿ ಹಟ ಹಿಡಿಯುವುದಕ್ಕಿಂತ ಕೆಲಸ ನಿಲ್ಲಿಸುವುದು ಲೇಸು.

ಇನ್ನು ವೇಗದ ಮಾತು. ಸಣ್ಣ ಯಂತ್ರಗಳಲ್ಲಿ ಪುಲ್ಲಿಯ ಬೆಲ್ಟು ಬದಲಿಸಿ ಮೂರು ವೇಗ ಪಡೆಯಬಹುದು. ನಿಮಿಷಕ್ಕೆ ಸುಮಾರು 80, 120, 200 ಅಡಿ. ಸ್ಟೇನ್‌ಲೆಸ್ ಮತ್ತು ಹತಾರದ ಉಕ್ಕಿಗೆ ನಿಧಾನ, ಸಾಮಾನ್ಯ ಕಬ್ಬಿಣಕ್ಕೆ ನಡುವಣದು, ಹಿತ್ತಾಳೆ ಅಲ್ಯುಮಿನಿಯಮ್ಮಿಗೆ ಜೋರು. ವೇಗ ಸರಿಯೋ ಅಲ್ಲವೋ ಎಂಬುದನ್ನು ತುರಿಯೇ ಹೇಳುತ್ತದೆ. ಬೆಳ್ಳಿಯ ಬಣ್ಣದ, ಸುರುಳಿ ಸುತ್ತಿದ ತುರಿ ಬಂದರೆ ಎಲ್ಲ ಸರಿಯಿದೆ. ನೀಲಿಗಟ್ಟಿದ, ದಪ್ಪ ತುರಿ ಬಂದರೆ ವೇಗ ಅಥವಾ ಭಾರ ಹೆಚ್ಚಾಯಿತು. ಹಿಟ್ಟಿನಂಥ ಪುಡಿ ಬಂದರೆ ಭಾರ ಕಡಿಮೆಯಾಗಿ ಹಲ್ಲು ಕೊಯ್ಯದೆ ಉಜ್ಜುತ್ತಿದೆ. ಇದರಿಂದಲೂ ಹಲ್ಲು ಮೊಂಡಾಗುತ್ತದೆ. ಬೀಡುಕಬ್ಬಿಣದ ತುರಿ ಮಾತ್ರ ಸ್ವಭಾವತಃ ಪುಡಿಯೇ. ಅದನ್ನು ಕಂಡು ಭಾರ ಹೆಚ್ಚಿಸಬೇಕಾಗಿಲ್ಲ.

ಹೊಸ ಬ್ಲೇಡನ್ನು ಪಳಗಿಸುವ ಕ್ರಮವೊಂದಿದೆ. ಹೊಸ ಹಲ್ಲಿನ ಮೊನೆ ಬಹಳ ತೆಳುವಾದುದರಿಂದ ಪೂರ್ತಿ ಭಾರ ಬಿದ್ದರೆ ಚೂರು ಚೂರಾಗಿ ಕೀಳುತ್ತದೆ. ಮೊದಲಿನ ಕೆಲವು ಕೊರೆತಗಳಿಗೆ ವೇಗವನ್ನು ಎಂದಿನಂತೆಯೇ ಇಟ್ಟು, ತೋಳಿನ ಭಾರವನ್ನು ಅರ್ಧಕ್ಕೆ ಇಳಿಸಿ, ಸದ್ದು ತಿಳಿಯಾದ ಮೇಲೆ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಹೊಸ ಎತ್ತನ್ನು ಮೊದಲ ದಿನವೇ ಭಾರದ ಬಂಡಿಗೆ ಹೂಡುವವರುಂಟೇ?

ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಕುಡಗೋಲು, ಕುಳ ಮಾಡುವ ವಾಡಿಕೆ ನಮ್ಮಲ್ಲಿದೆ. ಅದು ಹದ ಕೊಟ್ಟ ಸ್ಪ್ರಿಂಗ್ ಉಕ್ಕು. ಹಾಗೆಯೇ ಗರಗಸಕ್ಕೆ ಕೊಟ್ಟರೆ ಒಂದೇ ಕೊರೆತಕ್ಕೆ ಬ್ಲೇಡು ಹಾಳಾಗಬಹುದು. ಅದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಒಣಬೂದಿಯಲ್ಲಿ ಹೂತು, ಮರುದಿನದವರೆಗೆ ತಾನಾಗಿ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಕೊಯ್ದು ರೂಪ ಕೊಟ್ಟ ಮೇಲೆ ಮತ್ತೆ ಹದ ಮಾಡಬೇಕು. ಈ ವಿದ್ಯೆ ನಮ್ಮ ಕಮ್ಮಾರರಿಗೆ ಹೇಳಿಕೊಡಬೇಕಾದದ್ದಲ್ಲ. ಗರಗಸದವನು ಕುಲುಮೆಯವನನ್ನು ಕೇಳಿದರೆ ಸಾಕು. ಯಾವುದೇ ಅಪರಿಚಿತ ಉಕ್ಕನ್ನು ಮೊದಲು ಹಳೆಯ ಅರದಿಂದ ಉಜ್ಜಿ ನೋಡಿರಿ. ಅರ ಕಚ್ಚದೆ ಜಾರಿದರೆ ಗರಗಸಕ್ಕೆ ಕೊಡಬೇಡಿ.

ನೀರೆಣ್ಣೆ

ದೊಡ್ಡ ಯಂತ್ರಗಳಲ್ಲಿ ಎಣ್ಣೆ ಬೆರೆಸಿದ ನೀರು ಬ್ಲೇಡಿನ ಮೇಲೆ ಹರಿಯುತ್ತದೆ. ಅದು ಬಿಸಿಯನ್ನು ತಗ್ಗಿಸಿ ತುರಿಯನ್ನು ತೊಳೆಯುತ್ತದೆ. ಡಬ್ಬಿಯ ಮೇಲೆ ಬೇರೆ ಪ್ರಮಾಣ ಹೇಳಿಲ್ಲವಾದರೆ 10 ಪಾಲು ನೀರಿಗೆ 1 ಪಾಲು ಎಣ್ಣೆ ಸಾಮಾನ್ಯವಾದ ಪ್ರಮಾಣ. ನೀರಿಗೆ ಎಣ್ಣೆಯನ್ನು ಸುರಿದು ಕಲಕಬೇಕು. ಎಣ್ಣೆಗೆ ನೀರು ಸುರಿದರೆ ಸರಿಯಾಗಿ ಬೆರೆಯದು. ಬಯಲುಸೀಮೆಯ ಬಹಳ ಬಾವಿಗಳ ನೀರು ಗಡಸು. ಅಂಥ ನೀರಿನಲ್ಲಿ ಎಣ್ಣೆ ಬೇರ್ಪಟ್ಟು ಕೆನೆಯಂತೆ ತೇಲುತ್ತದೆ. ಸಾಬೂನು ನೊರೆಗಟ್ಟದ ನೀರನ್ನು ಬಿಟ್ಟು ಹಿಡಿದಿಟ್ಟ ಮಳೆನೀರನ್ನು ಬಳಸುವುದು ಲೇಸು. ನೀರೆಣ್ಣೆ ನಾರತೊಡಗಿದರೆ ಚೆಲ್ಲಿ ಹೊಸದು ಮಾಡಿರಿ. ಬಾವಿ, ಹಳ್ಳದ ಕಡೆಗೆ ಮಾತ್ರ ಚೆಲ್ಲಬೇಡಿ. ಬೀಡುಕಬ್ಬಿಣವನ್ನು ಒಣಗಿಯೇ ಕೊಯ್ಯಬೇಕು. ಬ್ಲೇಡಿನ ಹಲ್ಲು ಉಜ್ಜುವ ತಂತಿಯ ಕುಂಚ ಸವೆದಿದ್ದರೆ ಬದಲಿಸಿರಿ. ಅಂಟಿಕೊಂಡ ತುರಿ ಮತ್ತೆ ಕೊರೆತಕ್ಕೆ ಹೋಗುವುದು ಹಲ್ಲಿಗೆ ಕೇಡು.

ಕೈಕಾಲಿನ ಜೋಪಾನ

ಸುತ್ತಿಟ್ಟ ಬ್ಲೇಡು ಬಿಚ್ಚಿದಾಗ ಹಾವಿನಂತೆ ಚಿಮ್ಮುತ್ತದೆ. ಬಿಚ್ಚುವಾಗ ತೊಗಲಿನ ಕೈಚೀಲವೂ ಕಣ್ಣಿಗೆ ಕನ್ನಡಕವೂ ಇರಲಿ. ಯಂತ್ರ ಓಡುತ್ತಿರುವಾಗ ಮಾತ್ರ ಕೈಚೀಲ ಬೇಡ. ಹಲ್ಲಿಗೆ ಸಿಕ್ಕಿದರೆ ಕೈಯನ್ನೂ ಎಳೆದೊಯ್ಯುತ್ತದೆ. ಧೋತರದ ಚುಂಗು, ಹೆಗಲ ಮೇಲಿನ ವಸ್ತ್ರ, ಸೀರೆಯ ಸೆರಗು, ಬಿಚ್ಚುಗೂದಲು ಇವು ಯಂತ್ರದ ಹತ್ತಿರ ಸುಳಿಯಕೂಡದು. ಓಡುವ ಬ್ಲೇಡಿನಿಂದ ತುರಿಯನ್ನು ಬೆರಳಿನಿಂದ ತೆಗೆಯಬಾರದು. ಮುಚ್ಚಳ ತೆರೆದು ಓಡಿಸಬಾರದು. ಬ್ಲೇಡು ಬದಲಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಕಿತ್ತಿರಬೇಕು. ಬ್ಲೇಡು ಹೋದರೆ ಪೇಟೆಯಲ್ಲಿ ಸಿಗುತ್ತದೆ, ಬೆರಳು ಸಿಗುವುದಿಲ್ಲ.

ಕೊನೆಯ ಮಾತು

ತೊಂದರೆ ಬಂದಾಗ ನಾಲ್ಕು ತಿರುಪುಗಳನ್ನು ಒಟ್ಟಿಗೆ ತಿರುಗಿಸಬೇಡಿರಿ. ಹಾಗೆ ಮಾಡಿದರೆ ಗುಣ ಯಾವುದರಿಂದ ಬಂದಿತೆಂದು ತಿಳಿಯದು. ಒಂದನ್ನು ಬದಲಿಸಿ, ಒಂದು ತುಂಡು ಕೊಯ್ದು, ಮೂಲೆಮಟ್ಟ ಹಿಡಿದು ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕಿರಿ. ಅಂಗಡಿಯ ಗೋಡೆಗೆ ಒಂದು ವಹಿ ತೂಗುಹಾಕಿ, ಬ್ಲೇಡು ಏರಿಸಿದ ತಾರೀಖು, ಹಲ್ಲಿನ ಸಂಖ್ಯೆ, ಏನೇನು ಕೊಯ್ದಿತು, ಹೇಗೆ ಕೆಟ್ಟಿತು ಎಂಬುದನ್ನು ಕನ್ನಡದಲ್ಲಿಯೇ ಬರೆದಿಡಿರಿ. ಒಂದು ವರ್ಷದಲ್ಲಿ ಅದೇ ನಿಮ್ಮ ಅಂಗಡಿಯ ಕೈಪಿಡಿಯಾಗುವುದು; ನಿಮ್ಮ ತರುವಾಯ ಕೆಲಸಕ್ಕೆ ಬರುವ ಹುಡುಗನು ಅದನ್ನು ಓದಿ ಕಲಿಯುವನು. ಬಿತ್ತನೆಯ ಕಾಲಕ್ಕೆ ಒಂದು ತಿಂಗಳು ಮುಂಚಿತವಾಗಿ ಗೈಡು, ಬೇರಿಂಗು, ಬೆಲ್ಟುಗಳನ್ನು ನೋಡಿ, ಬೇಕಾದ ಎರಡು ಬಗೆಯ ಬ್ಲೇಡುಗಳನ್ನು ತಂದಿಟ್ಟುಕೊಂಡರೆ, ಹದ ಬಂದ ದಿನ ಕೂರಿಗೆ ಹಿಡಿದು ಬಂದ ರೈತನನ್ನು ನಾಳೆ ಬಾ ಎಂದು ಕಳುಹಿಸಬೇಕಾಗುವುದಿಲ್ಲ.